ಲಿಸ್ಟಿನಲ್ಲಿ ಹೊಡೆದ ಹೆಸರು

"ಸರ್, ನೀವು ಎಲ್ಲಿಯವರೆಗೆ ಹೋದ್ರಿ?"

ಕಳೆದ ಶನಿವಾರ ಸಂಡೂರಿನ ಒಂದು ಕಾಲೇಜಿನಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆ ಇದು. ನನ್ನ ಕಥೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. (ಕಥೆಗಳು ಅಲ್ಲ, ಕಥೆ. ನಾನು ಬರೆದದ್ದು ಒಂದೇ.) ನಿಮ್ಮಲ್ಲಿ ಹಲವರು ಅದನ್ನು ಓದಿದ್ದೀರಿ. ದೀಪಾವಳಿ ಸಂಚಿಕೆಯಲ್ಲಿ ಬಂದು ಸಮಾಧಾನಕರ ಬಹುಮಾನ ಪಡೆದ ಕಥೆ. ಅದನ್ನು ಮೆಚ್ಚಿಕೊಂಡೇ ಸಂಪಾದಕರು ನನಗೆ ಈ ಅಂಕಣ ಕೊಟ್ಟದ್ದು.

ಓದದವರಿಗೆ ಎರಡು ಸಾಲಿನಲ್ಲಿ ಹೇಳುತ್ತೇನೆ. ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಆಯುಧಪೂಜೆಯ ದಿನ ಒಬ್ಬ ವಿಧವೆಗೆ ಅವಮಾನವಾಗುತ್ತದೆ. ಒಬ್ಬ ತರುಣ ಕೆಲಸಗಾರ ಸಿಡಿದೆದ್ದು ಕೆಲಸ ಬಿಟ್ಟು ಹೊರಟುಬಿಡುತ್ತಾನೆ. ಮಿಲ್ಲಿನ ಗುಮಾಸ್ತ ಕೈಲಿದ್ದ ಲಿಸ್ಟನ್ನು ಹರಿದೆಸೆದು ಅವನ ಹಿಂದೆ ನಡೆಯುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಆ ಗುಮಾಸ್ತ ನಾನೇ ಅಂತ ಎಲ್ಲರಿಗೂ ಗೊತ್ತು. ನಾನೇ ಎಲ್ಲರಿಗೂ ಹೇಳಿದ್ದೇನೆ.

"ಬಸ್ ಸ್ಟ್ಯಾಂಡಿನವರೆಗೆ ಹೋದೆ ಮಗಳೇ" ಅಂದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಸುಳ್ಳು. ನಾನು ಒಂದು ಹೆಜ್ಜೆಯೂ ಹೋಗಿರಲಿಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆ ಮಿಲ್ಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದವನು ನಾನೊಬ್ಬನೇ. ಅದರ ಜಂಬ ಭಾರಿ ಇತ್ತು. ಊಟದ ಹೊತ್ತಿನಲ್ಲಿ ಪೇಪರ್ ಓದಿ ಹೇಳುತ್ತಿದ್ದೆ. ಜಾತಿ ಸುಳ್ಳು, ಮಡಿ ಸುಳ್ಳು, ಮನುಷ್ಯರೆಲ್ಲ ಒಂದೇ ಅಂತ ಭಾಷಣ ಬೇರೆ. ಬಾಯಿ ತೆರೆದು ಕೇಳುತ್ತಿದ್ದವನು ಮಲ್ಲೇಶಿ. ಗಾದಿಗನೂರಿನವನು, ಇಪ್ಪತ್ತೆರಡು ವರ್ಷ, ಮಿಷನ್ ನೋಡಿಕೊಳ್ಳುತ್ತಿದ್ದ. ಓದಲು ಬರೆಯಲು ಅಷ್ಟಕ್ಕಷ್ಟೇ. ನಾನು ಹೇಳಿದ್ದನ್ನೆಲ್ಲ ನಿಜ ಅಂತ ನಂಬಿದ್ದ.

ಆಯುಧಪೂಜೆಯ ದಿನ ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ. ಮಿಷನ್ನಿಗೆ ಪೂಜೆಯಾದ ಮೇಲೆ ಗಂಡಾಳುಗಳಿಗೆ ಹೊಸ ಅಂಗಿ. ಹೆಣ್ಣಾಳುಗಳಿಗೆ ಸಾಹುಕಾರರ ತಾಯಿ ದೊಡ್ಡವ್ವನವರೇ ಕೂತು ಉಡಿ ತುಂಬುತ್ತಿದ್ದರು. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ. ಗಂಡ ಇದ್ದವರಿಗೆ ಮಾತ್ರ. ನಾನು ಲಿಸ್ಟ್ ಹಿಡಿದು ಹೆಸರು ಕೂಗಬೇಕು. ಪ್ರತಿ ವರ್ಷ ಹೊಸ ಲಿಸ್ಟ್ ಬರೆಯಬೇಕು. ಆ ವರ್ಷ ಸೋಮಾರಿತನ. ಹಳೆಯದನ್ನೇ ಹಿಡಿದು ನಿಂತೆ.

"ಹನುಮಕ್ಕ, ಗಂಡ ತಿಪ್ಪಣ್ಣ" ಅಂತ ಕೂಗಿದೆ.

ತಿಪ್ಪಣ್ಣ ಶ್ರಾವಣದಲ್ಲಿ ಸತ್ತಿದ್ದ. ಅವನ ಮಣ್ಣಿಗೆ ನಾನೇ ಹೋಗಿದ್ದೆ!

ಹನುಮಕ್ಕ ಬೇಯಿಸಿದ ಭತ್ತವನ್ನು ಕಣದಲ್ಲಿ ಒಣಗಿಸುವವಳು. ಬಿಸಿಲಿಗೆ ಕಾದ ಕಣದ ಮೇಲೆ ಬರಿಗಾಲಲ್ಲಿ ಓಡಾಡಿ ಭತ್ತ ತಿರುವುವ ಕೆಲಸ. ಆ ದಿನ ಅವಳು ತಾನಾಗಿಯೇ ಹಿಂದೆ, ಚೀಲದ ರಾಶಿಯ ಪಕ್ಕ ನಿಂತಿದ್ದಳು. ಹೆಸರು ಕೇಳಿ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಓದಿದವನು, ಬೇಕಂತಲೇ ಕರೆದಿದ್ದಾನೆ ಅಂದುಕೊಂಡಳೋ ಏನೋ. ಬಂದು ಸೆರಗು ಒಡ್ಡಿದಳು.

ದೊಡ್ಡವ್ವನವರ ಕೈ ಕಾಯಿ ಹಿಡಿದಂತೆಯೇ ಅಲ್ಲೇ ನಿಂತಿತು.

"ಏನ್ರೀ ಗುಮಾಸ್ತ್ರೇ, ಕಣ್ಣು ಹೋಗ್ಯಾವೇನು? ಈಕಿನ್ಯಾಕ ಕರದ್ರಿ?"

"ತಪ್ಪಾತ್ರೀ ಅವ್ವಾರ. ಹೋದ ವರ್ಷದ ಲಿಸ್ಟು. ಹೆಸರು ಹೊಡದು ಹಾಕ್ತೀನಿ."

ಹೊಡೆದೆ ಕೂಡ. ಜೇಬಿನಿಂದ ಕೆಂಪು ಪೆನ್ನು ತೆಗೆದು, ಅವಳ ಎದುರಿಗೇ, ಗೆರೆ ಎಳೆದೆ. ಅವಳ ಸೆರಗು ಇನ್ನೂ ಹಾಗೇ ಚಾಚಿಕೊಂಡಿತ್ತು.

"ಕರದ್ರು... ಅದಕ್ಕ ಬಂದೆ" ಅಂದಳು.

ಆಗ ಮಲ್ಲೇಶಿ ಮುಂದೆ ಬಂದ. "ಯವ್ವಾ, ನಿಮ್ ಮುಂದಿರೋ ಅಕ್ಕಿ ಯಾರು ಒಣಗಿಸಿದ್ದು ಹೇಳ್ರಿ? ಆಕೀ ಕೈ ಹತ್ತಿದ ಅಕ್ಕಿ ಎಲ್ಲಾರ ಉಡ್ಯಾಗ ಬೀಳತೈತಿ. ಆಕೀ ಉಡ್ಯಾಗ ಬಿದ್ರ ಕೆಡತೈತೇನು?"

"ಲೇ ಮಲ್ಲೇಶಿ, ಹಬ್ಬದ ದಿನ ಬ್ಯಾಡ. ಸುಮ್ಕ ಕುಂದ್ರು" ಅಂದರು ಸಾಹುಕಾರರು.

ಹಮಾಲರ ಗುಂಪಿನಿಂದ ಯಾರೋ ಕೂಗಿದರು. "ಏನಲೇ, ಆಕೀನ ಕಟ್ಕೊಳ್ಳೋ ವಿಚಾರ ಐತೇನು?"

ಎಲ್ಲರೂ ನಕ್ಕರು. ಕಥೆಯಲ್ಲಿ ಈ ನಗು ಇದೆ. ನಕ್ಕವರಲ್ಲಿ ಗುಮಾಸ್ತನೂ ಇದ್ದ ಅನ್ನುವುದನ್ನು ಬರೆಯಲಿಲ್ಲ.

ಮಲ್ಲೇಶಿ ಆಗಷ್ಟೇ ತೊಟ್ಟಿದ್ದ ಹೊಸ ಅಂಗಿ ಬಿಚ್ಚಿದ. ಎಸೆಯಲಿಲ್ಲ. ನೀಟಾಗಿ ಮಡಚಿ, ಮಿಷನ್ನಿನ ಮೇಲೆ ಚೆಂಡುಹೂವಿನ ಪಕ್ಕ ಇಟ್ಟ. "ನಾ ಹೊಂಟೀನಿ. ಬರೋರು ಬರ್ರಿ" ಅಂದ. ಅಂದವನು ಮೊದಲು ನೋಡಿದ್ದು ನನ್ನ ಕಡೆ.

ನಾನು ಲಿಸ್ಟ್ ನೋಡಿದೆ. ಮುಂದಿನ ಹೆಸರು ಕೂಗಿದೆ.

ನನಗೆ ಆಗ ಸಂಸಾರವಿತ್ತು, ಮಕ್ಕಳ ಓದಿತ್ತು ಅಂತೆಲ್ಲ ಹೇಳಬಹುದು. ಮಲ್ಲೇಶಿಗೆ ಇರಲಿಲ್ಲವೇ? ಮನೆಯಲ್ಲಿ ಕಣ್ಣು ಕಾಣದ ತಾಯಿ ಇದ್ದಳು. ಲೆಕ್ಕ ಹಾಕಿ ನೋಡಿದ್ದರೆ ಅವನೂ ಕೂತೇ ಇರುತ್ತಿದ್ದ. ಅವನು ಲೆಕ್ಕ ಹಾಕಲಿಲ್ಲ, ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ಹೇಡಿ ಅಂತ ಬೈದುಕೊಂಡು ಸುಮ್ಮನಾಗಬಹುದಿತ್ತು. ಮರುದಿನ ಸಾಹುಕಾರರು, "ಏನಾರ ಮಾಡ್ರಿ, ಇನ್ನೊಮ್ಮೆ ಇಂಥ ಗಲಾಟಿ ಬ್ಯಾಡ" ಅಂದರು. ಹನುಮಕ್ಕನನ್ನು ತೆಗೆಯಿರಿ ಅಂತ ಅನ್ನಲಿಲ್ಲ. ಹಾಗೆ ಅರ್ಥ ಮಾಡಿಕೊಂಡವನು ನಾನು. ಅವಳ ಮನೆಗೆ ನಾನೇ ಹೋಗಿ, "ಸೋಮವಾರದಿಂದ ಬರಬ್ಯಾಡವಾ" ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ನಾನು ಬಗ್ಗಿ ನಿಂತದ್ದು ಸಾಹುಕಾರರಿಗೆ ಕಾಣಲಿ ಅಂತಲೇ?

ಕಥೆಯಲ್ಲಿ, ಗುಮಾಸ್ತ ಹೊರಡುವ ಮೊದಲು, ಹನುಮಕ್ಕನಿಗೆ ಉಡಿ ತುಂಬಿಸಿದ್ದೇನೆ. ಕಾಗದದ ಮೇಲೆ ಅದು ಎಷ್ಟು ಸುಲಭ!

ಇನ್ನು ಶನಿವಾರಕ್ಕೆ ಬರುತ್ತೇನೆ. ಸಂಡೂರಿನಿಂದ ಬಂದು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಹೆಗಲ ಮೇಲೆ ಆ ಶಾಲು ಇನ್ನೂ ಇತ್ತು.

"ಗುಮಾಸ್ತ್ರೇ!"

ಮಿಲ್ಲು ಬಿಟ್ಟು ಹೊಸಪೇಟೆಗೆ ಬಂದು ನೆಲೆಸಿದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿಲ್ಲ. ತಿರುಗಿದೆ. ಖಾಕಿ ಅಂಗಿ, ನರೆತ ಮೀಸೆ, ಕೈಯಲ್ಲಿ ಬಟ್ಟೆಯ ಚೀಲ. ಗುರುತು ಹತ್ತಲು ಹೊತ್ತಾಯಿತು. ಮಲ್ಲೇಶಿ. ಯಶವಂತನಗರದಲ್ಲಿ ಮೈನಿಂಗ್ ಕಂಪನಿಯ ಬಸ್ ಓಡಿಸುತ್ತಾನಂತೆ.

"ನಿಮ್ ಕಥಿ ನಮ್ಮ ಹುಡುಗಿ ಓದಿ ಹೇಳಿದ್ಲು ನೋಡ್ರಿ. ಅಪ್ಪಾ, ಇದರಾಗ ಥೇಟ್ ನಿನ್ನಂಥವ ಒಬ್ಬ ಅದಾನ, ಅಂಗಿ ಬಿಚ್ಚಾಕ ಏನ್ ಅವಸರಾನೋ ಅಂತ ನಕ್ಕಳು."

"ಸಿಟ್ಟು ಬರಲಿಲ್ಲೇನಪ್ಪ?" ಅಂದೆ.

"ಸಿಟ್ಟ್ಯಾಕ್ರಿ? ಅದರಾಗ ನೀವು ಬಂದೀರಲ್ಲ." ಅವನು ನಕ್ಕ. ಕುಹಕವಿರಲಿಲ್ಲ. "ಅವತ್ತು ನಾ ಎರಡು ಬಸ್ ಬಿಟ್ಟೆ. ಬನಿಯನ್ ಮ್ಯಾಲೆ ನಿಂತಿದ್ದೆ, ಮಂದಿ ನೋಡಿ ನಗತಿದ್ರು. ಯಾರು ಬರದಿದ್ರೂ ನೀವಂತೂ ಬರ್ತೀರಿ ಅಂತ ಇತ್ತು ಮನಸಿನಾಗ."

ಶಾಲನ್ನು ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಮಾತು ತಿರುಗಿಸಲು, "ಎಲ್ಲಿಗೆ ಹೊಂಟಿ?" ಅಂದೆ.

"ಕಂಪ್ಲಿಗೆ. ಹನುಮಕ್ಕನ ಮನಿಗೆ. ನನ್ ಹೆಂಡ್ತಿ ಮುಂಜಾನೇನ ಹೋಗ್ಯಾಳ. ಪ್ರತಿ ವರ್ಷ ಮಹಾನವಮಿ ಮುಂದ ಹೋಗಿ ಆಕಿಗೆ ಉಡಿ ತುಂಬಿ ಬರ್ತೀವಿ." ಚೀಲ ತೆರೆದು ತೋರಿಸಿದ. ಒಂದು ಸೀರೆ, ಖಣ, ಕಾಯಿ, ಸಣ್ಣ ಗಂಟಿನಲ್ಲಿ ಅಕ್ಕಿ. "ಬರ್ತೀರೇನ್ರಿ? ಆಕಿ ನಿಮ್ಮನ್ನ ನೆನಸತಿರ್ತಾಳ."

"ಏನಂತ?"

"ಪಾಪ, ಗುಮಾಸ್ತ್ರು ನನ್ನಿಂದ ದೊಡ್ಡವ್ವನ ಕೈಲಿ ಬೈಸ್ಕೊಂಡ್ರು, ಅಂತಾಳ."

ಕಮಲಾಪುರದ ಮೇಲೆ ಹೋಗುವ ಕಂಪ್ಲಿ ಬಸ್ಸು ಬಂದು ನಿಂತಿತು. ಮಲ್ಲೇಶಿ ಹತ್ತಿ, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ನನಗೆ ಜಾಗ ಹಿಡಿದ. "ಬರ್ರಿ, ಜಲ್ದಿ ಹತ್ರಿ" ಅಂದ. ನಾನು ಬಾಗಿಲ ಕಂಬಿ ಹಿಡಿದೆ. ಹಿಡಿದವನು, "ಇವತ್ತು ಅಂಕಣ ಬರದು ಕಳಿಸಬೇಕಪ್ಪ" ಅಂದೆ. (ಕಳಿಸಲು ಇನ್ನೂ ಮೂರು ದಿನವಿತ್ತು.)

"ಹಂಗಾರ ಬರೀರಿ, ಬರೀರಿ. ಅದು ದೊಡ್ಡ ಕೆಲಸ" ಅಂದ. ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡ. ಬೇರೆ ಯಾರೋ ಆ ಜಾಗದಲ್ಲಿ ಕೂತರು.

ಬಸ್ಸು ಹೋಯಿತು. ಅರ್ಧ ಗಂಟೆಗೆ ಇನ್ನೊಂದು ಬಂತು. ಅದನ್ನೂ ಬಿಟ್ಟೆ. ಮನೆಗೆ ಬಂದು ಇದನ್ನು ಬರೆದೆ.

ಸಂಡೂರಿನ ಮಗಳೇ, ಅವತ್ತು ನಿನಗೆ ಸುಳ್ಳು ಹೇಳಿದೆ, ಕ್ಷಮಿಸು. ಇಪ್ಪತ್ತು ವರ್ಷದಲ್ಲಿ ನಾನು ಹೋದದ್ದು ಬಸ್ಸಿನ ಬಾಗಿಲವರೆಗೆ.