ಆ ಪ್ಲಗ್ ನೀವು ಕಿತ್ತಿರಲಿಲ್ಲ

ಶಾಂತಕ್ಕ, ಆ ದಿನ ನೀವು ಪ್ಲಗ್ ಕಿತ್ತಿರಲಿಲ್ಲ. ಕಂಪ್ಯೂಟರ್ ಆರಿಸಿದವನು ನಾನು. ಅದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು, ನಂತರದ ನಾಲ್ಕು ವರ್ಷವೂ ಗೊತ್ತಿತ್ತು. ಗೊತ್ತಿದ್ದೂ ಆ ತಪ್ಪನ್ನು ನಿಮ್ಮ ತಲೆಯ ಮೇಲೆಯೇ ಇರಗೊಟ್ಟೆ.

ನನ್ನ ಹುಚ್ಚು ನಿಮಗೆ ಗೊತ್ತಿದ್ದದ್ದೇ. ಸೊಲ್ಲಾಪುರ ರಸ್ತೆಯ ನನ್ನ ರಿಪೇರಿ ಅಂಗಡಿಗೆ ಬಂದ ಹಳೆಯ ಯಂತ್ರಗಳಿಗೆಲ್ಲ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತಿದ್ದೆ. ಪುಕ್ಕಟೆ ಸಿಗುವುದು, ಯಾರು ಬೇಕಾದರೂ ತಿದ್ದಬಹುದಾದದ್ದು. ತಿಕೋಟಾದ ನಿಮ್ಮ ಮನೆಯ ಕಂಪ್ಯೂಟರಿಗೂ ಹಾಕಿದ್ದೆ. ಅದರಲ್ಲಿ ನೀವು ಒಂಬತ್ತು ವರ್ಷ ದ್ರಾಕ್ಷಿ ತೋಟದ ದಿನಚರಿ ಬರೆದಿದ್ದಿರಿ. ಬಳ್ಳಿ ಸವರಿದ್ದು ಯಾವ ದಿನ, ಮಂಜು ಬಿದ್ದಾಗ ಸಿಂಪಡಿಸಿದ್ದು ಏನು, ಬೂದಿ ರೋಗ ಯಾವುದಕ್ಕೆ ಬಗ್ಗಿತು, ಯಾವುದಕ್ಕೆ ಬಗ್ಗಲಿಲ್ಲ— ಎಲ್ಲ. ಮೋಡ ಕವಿದರೆ ಕಳ್ಳಕವಟಗಿಯ ರೈತರು ನಿಮಗೆ ಫೋನ್ ಮಾಡುತ್ತಿದ್ದರು. "ಅಕ್ಕಾರ, ಹೋದ ಸಲ ಹಿಂಗ ಆದಾಗ ಏನ ಹೊಡದಿದ್ರಿ?" ನೀವು ಹುಡುಕಿ ಹೇಳುತ್ತಿದ್ದಿರಿ.

ಆ ಸಿಸ್ಟಂನ ಹೊಸ ಆವೃತ್ತಿ ಬಂತು. ಹಳೆಯದನ್ನು ಹೊಸದಕ್ಕೆ ಏರಿಸುವುದು ಹೇಗೆಂದು ಇಂಗ್ಲಿಷಿನಲ್ಲಿ ಉದ್ದದ ಕೈಪಿಡಿ ಇತ್ತು. ಅದನ್ನು ಕನ್ನಡಕ್ಕೆ ತಂದವನು ನಾನು. 'ಹೊಸಬರಿಗೆ ಒಂದೇ ಪುಟ' ಎಂದು ಹೆಸರಿಟ್ಟು, ಎದೆ ಉಬ್ಬಿಸಿ ಹಂಚಿದೆ. ಆದರೆ ಹಂಚುವ ಮೊದಲು ನನ್ನ ಅಂಗಡಿಯ ಯಂತ್ರದಲ್ಲೇ ಮಾಡಿ ನೋಡಿದ್ದೆ. ಅದು ನಡುವೆ ನಿಂತಿತ್ತು. ಡಿಸ್ಕಿನಲ್ಲಿ ಜಾಗ ಸಾಲದೆ ನಿಂತಿತ್ತು. ನಾನು ಬಲ್ಲವನು, ಜಾಗ ಮಾಡಿಕೊಟ್ಟು ಮುಂದೆ ಸಾಗಿದೆ. 'ಮೊದಲು ಜಾಗ ನೋಡಿ, ನಿಮ್ಮ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಿ, ನಡುವೆ ನಿಂತರೆ ಆರಿಸಬೇಡಿ'— ಇಷ್ಟನ್ನು ಬರೆದರೆ ಬರಹ ಹಾಳೆಯ ಹಿಂಬದಿಗೂ ಹೋಗುತ್ತಿತ್ತು. ಒಂದೇ ಪುಟ ಎಂಬ ಹೆಸರು ಉಳಿಯುತ್ತಿರಲಿಲ್ಲ. ಕಾರಣ ಅಷ್ಟೇ. ಇದಕ್ಕಿಂತ ದೊಡ್ಡದೊಂದು ಕಾರಣ ಸಿಗುತ್ತದೇನೋ ಎಂದು ಹುಡುಕಿದ್ದೇನೆ, ಇಲ್ಲ.

ನೀವು ಮಾತ್ರ ಕೇಳಿದಿರಿ. "ತಮ್ಮಾ, ನಡುವ ನಿಂತ್ರ ಏನ ಮಾಡಬೇಕಂತ ಇದರಾಗ ಬರದಿಲ್ಲಲ್ಲೋ?"

"ನಿಲ್ಲೂದಿಲ್ರಿ ಅಕ್ಕಾರ," ಎಂದೆ. ನಿಂತದ್ದನ್ನು ಕಣ್ಣಾರೆ ಕಂಡವನು.

ಆ ಮಧ್ಯಾಹ್ನ ನಿಮ್ಮ ಕಂಪ್ಯೂಟರಿಗೆ ಹೊಸ ಆವೃತ್ತಿ ಏರಿಸುತ್ತ ನಿಮ್ಮ ಮನೆಯಲ್ಲಿ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪರದೆಯ ಮೇಲೆ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಅರ್ಧ ದಾಟಿತ್ತು. ಹೊರಗೆ ಒಣದ್ರಾಕ್ಷಿ ಶೆಡ್ಡಿನ ತುಂಬ ಮಾಲು. ಒಮ್ಮೆಲೇ ಗುಡುಗಿತು. ಗುಡುಗಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಿಮ್ಮ ರೂಢಿ. ಕೈ ತಾನಾಗಿಯೇ ಗೋಡೆಗೆ ಹೋಯಿತು. "ಕೈ ತಗೀರಿ!" ಎಂದು ಚೀರಿದೆ. ನೀವು ಬೆಚ್ಚಿ ಕೈ ಹಿಂದೆಗೆದಿರಿ— ಪ್ಲಗ್ ಅಲುಗಲೂ ಇಲ್ಲ, ನಾನು ನೋಡಿದೆ— ಶೆಡ್ಡಿಗೆ ತಾಡಪತ್ರಿ ಇಳಿಬಿಡಲು ಓಡಿದಿರಿ.

ನೀವು ಅತ್ತ ಹೋದಿರಿ, ಇತ್ತ ಪಟ್ಟಿ ನಿಂತಿತು. ಜಾಗ ಸಾಲದು ಎಂಬ ಅದೇ ಸಾಲು ಇಂಗ್ಲಿಷಿನಲ್ಲಿ ಮೂಡಿತು. ನನ್ನ ಅಂಗಡಿಯಲ್ಲಿ ಕಂಡದ್ದೇ. ಒಂಬತ್ತು ವರ್ಷದ ದಿನಚರಿ ಅದರೊಳಗೆ, ಪ್ರತಿ ಬೇರೆಲ್ಲೂ ಇಲ್ಲ. ಅಂಗಳದಲ್ಲಿ ಯಾರದೋ ಹೆಜ್ಜೆ ಕೇಳಿಸಿತು. ಆ ಸಾಲನ್ನು ಯಾರೂ ಓದಬಾರದು ಎಂಬುದೊಂದೇ ತಲೆಯಲ್ಲಿತ್ತು— ಬಟನ್ ಒತ್ತಿ ಹಿಡಿದೆ. ಎಲ್ಲ ಕಪ್ಪಾಯಿತು. ಮತ್ತೆ ಒತ್ತಿದೆ. ಏಳಲಿಲ್ಲ.

ಒಳಗೆ ಬಂದವನು ನಿಮ್ಮ ಮೈದುನ ಮಲ್ಲಪ್ಪ. ಹಿಂದೆಯೇ ನೀವು, ಸೆರಗೆಲ್ಲ ತೊಯ್ದಿತ್ತು. ಕಪ್ಪು ಪರದೆ ನೋಡಿ ಅವನು ನಕ್ಕ. "ಏನ ವೈನಿ, ಮಿಕ್ಸರ್ ಪ್ಲಗ್ ಕಿತ್ತಂಗ ಇದನೂ ಕಿತ್ತಿಯೇನ? ಊರಿಗೆಲ್ಲಾ ಔಷಧ ಹೇಳಾಕಿ, ಈಗ ಇದಕ್ಕೇನ ಹೊಡೀತಿ?"

"ನಾ ಕಿತ್ತಿಲ್ಲೋ ಮಲ್ಲಪ್ಪಾ. ಕೈ ಹಚ್ಚಿದ್ದೆ ಅಷ್ಟ..." ಎಂದಿರಿ. ಆಮೇಲೆ ನನ್ನತ್ತ ತಿರುಗಿ, ಸಣ್ಣ ದನಿಯಲ್ಲಿ, "ನಾ ಹಚ್ಚಿದ್ದಕ್ಕ ಸಡ್ಲ ಆಗಿರಬೇಕೇನ ತಮ್ಮಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಇದು: "ನಡುವ ಕರೆಂಟ್ ಹೋದ್ರ ಹಿಂಗ ಆಗತೈತ್ರಿ."

ಅದರಲ್ಲಿ ಸುಳ್ಳಿಲ್ಲ. ಅದಕ್ಕೇ ಅದು ಅಷ್ಟು ಸಲೀಸಾಗಿ ಬಾಯಿಂದ ಬಂತು.

ಯಂತ್ರವನ್ನು ಅಂಗಡಿಗೆ ಹೊತ್ತು ತಂದು, ಎರಡು ದಿನ ಕೂತು, ದಿನಚರಿಯನ್ನು ಒಂದು ಸಾಲೂ ಹೋಗದಂತೆ ಉಳಿಸಿದೆ. ಮರಳಿ ತಂದುಕೊಟ್ಟಾಗ ನೀವು ಹತ್ತಿರವೂ ಬರಲಿಲ್ಲ. "ಅಲ್ಲೇ ಇಡಪಾ. ನನ್ನಂಥಾಕಿ ಕೈಗೆ ಇದು ಹೊಂದೂದಿಲ್ಲ." ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿದಿರಿ. ಇಂದಿಗೂ ಹಾಗೆಯೇ ಇದೆಯಂತೆ. ಕಳ್ಳಕವಟಗಿಯ ಫೋನುಗಳಿಗೆ "ಬರಿಯೂದು ಬಿಟ್ಟೇನಿ" ಎನ್ನುತ್ತೀರಂತೆ. ಬರೆದದ್ದನ್ನು ಉಳಿಸಿದೆ, ಬರೆಯುವ ಕೈಯನ್ನು ಕಳೆದೆ.

ಕಳೆದ ವಾರ ಬಬಲೇಶ್ವರದಲ್ಲಿ ಹೊಸಬರಿಗೆ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹೆಣ್ಣುಮಗಳೊಬ್ಬಳು ಎದ್ದು ಕೇಳಿದಳು, "ಸರ್, ನಡುವ ನಿಂತ್ರ?" ನನ್ನ ನಾಲಿಗೆಯ ತುದಿಗೆ 'ನಿಲ್ಲೂದಿಲ್ಲ' ಬಂದೇ ಬಿಟ್ಟಿತ್ತು—

ಅವಳಿಗೆ ನಿಂತದ್ದರ ಕತೆಯನ್ನೆಲ್ಲ ಹೇಳಿದೆ. ನಿಮ್ಮ ಹೆಸರೊಂದನ್ನು ಬಿಟ್ಟು. ಬಟನ್ ಒತ್ತಿದವನು ನಾನು ಎಂಬುದನ್ನು ಬಿಡಲಿಲ್ಲ.

ಈಗ ಪುಟವನ್ನು ಹೊಸದಾಗಿ ಬರೆದಿದ್ದೇನೆ. ಆರು ಪುಟವಾಗಿದೆ, ಆಗಲಿ. ಮೊದಲ ಪುಟದಲ್ಲಿ ಜಾಗ ನೋಡುವುದು ಮತ್ತು ಪ್ರತಿ ತೆಗೆದಿಡುವುದು, ಚಿತ್ರದ ಸಮೇತ. ಎರಡನೆಯದರಲ್ಲಿ ನೀವು ಕೇಳಿದ ಪ್ರಶ್ನೆ, ನೀವು ಕೇಳಿದ ಮಾತಿನಲ್ಲೇ, ಕೆಳಗೆ ಉತ್ತರ. ಪರದೆಯ ಮೇಲೆ ಬರುವ ಪ್ರತಿ ಇಂಗ್ಲಿಷ್ ಸಾಲಿನ ಪಕ್ಕದಲ್ಲಿ ಅದರ ಅರ್ಥ ಕನ್ನಡದಲ್ಲಿದೆ. ಇನ್ನು ಯಾರಿಗೂ ಅದನ್ನು ಮುಚ್ಚಿಡಲು ಆಗುವುದಿಲ್ಲ. ಇದು ಸರಿಯಾಗಿದೆ ಎಂದು ನನಗೆ ಗೊತ್ತು. ಆದರೂ ನೀವು ಓದಿ, ತಿಳಿಯದ ಕಡೆ ಗೆರೆ ಎಳೆಯುವವರೆಗೆ ಇದನ್ನು ಹೊರಗೆ ಬಿಡುವುದಿಲ್ಲ. ನೀವು ಓದಲು ಒಪ್ಪದೆಯೂ ಹೋಗಬಹುದು. ಅದು ನಿಮ್ಮ ಹಕ್ಕು.

ಭಾನುವಾರ ತಿಕೋಟಾಕ್ಕೆ ಬರುತ್ತೇನೆ. ಮಲ್ಲಪ್ಪನಿಗೆ ಮನೆಯಲ್ಲೇ ಇರಲು ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಕೂರುವ ಮೊದಲೇ, ನೀರು ಕುಡಿಯುವ ಮೊದಲೇ, ಅವನ ಮುಖ ನೋಡಿ ಹೇಳುತ್ತೇನೆ: ನಿಮ್ಮ ವೈನಿ ಪ್ಲಗ್ ಕಿತ್ತಿರಲಿಲ್ರಿ. ನಾ ಆರಿಸಿದ್ದೆ.