ಕರಡಿಗೆ ಹೊತ್ತು ಹತ್ತಿದ ಗುಡ್ಡ

ನಮ್ಮ ಕಡೆ ಗುಡ್ಡವೇ ಇಲ್ಲ. ಉಮರ್ಗಾದಲ್ಲಿ ಎತ್ತರ ಅಂದರೆ ಹೈವೇಯ ಮೇಲ್ಸೇತುವೆ, ಅದನ್ನು ಬಿಟ್ಟರೆ ನೀರಿನ ಟಾಕಿ. ಉಳಿದದ್ದೆಲ್ಲ ಎರೆಮಣ್ಣು, ತೊಗರಿ, ಸೋಯಾ, ಸಪಾಟು. ಹಾಗಾಗಿ ಒಮ್ಮೆ ನಾಸಿಕದ ಕಡೆ ಮದುವೆಗೆ ಹೋದಾಗ ಗಾಡಿಯ ಕಿಟಕಿಯಲ್ಲಿ ಕಳಸೂಬಾಯಿ ಶಿಖರ ಕಂಡದ್ದೇ ತಡ, ಅದು ನನ್ನ ತಲೆಯಿಂದ ಇಳಿಯಲೇ ಇಲ್ಲ. ಕಡಿದಾದ ಕಡೆ ಕಬ್ಬಿಣದ ಏಣಿ ಹಾಕಿದ್ದಾರಂತೆ, ತುದಿಯಲ್ಲಿ ದೇವಿಯ ಸಣ್ಣ ಗುಡಿ ಇದೆಯಂತೆ. ಒಮ್ಮೆ ಹತ್ತಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದರಲ್ಲೇ ಎಷ್ಟೋ ವರ್ಷ ಹೋದವು.

ಈ ಸಲ ಅವಸರ ಮಾಡಿದ್ದು ನನ್ನ ಮೊಣಕಾಲು. ಲಾತೂರಿನ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಹತ್ತುವುದಿದ್ದರೆ ಈ ವರ್ಷವೇ ಹತ್ತಿಬಿಡಿ, ಮುಂದಿನ ವರ್ಷ ನಾನು ಬಿಡುವುದಿಲ್ಲ ಅಂದರು. ಮನೆಗೆ ಬಂದು ಗಂಡನಿಗೆ ಹೇಳಿದೆ.

"ಗುಡ್ಡ ಎಲ್ಲಿ ಓಡಿ ಹೋಗ್ತದ? ಇರ್ತದ ಅಲ್ಲೇ," ಎಂದರು.

"ಗುಡ್ಡ ಹೋಗೂದಿಲ್ಲ ರೀ. ಮೊಣಕಾಲು ಹೋಗ್ತದ."

ಹೋಳಿ ಕಳೆದು ಯುಗಾದಿಗೆ ಮೊದಲು, ಬಿಸಿಲು ಏರುವುದರೊಳಗೆ ಹೋಗಿಬರೋಣ ಎಂದು ಒಪ್ಪಿದರು. ನಿಲಂಗಾದ ಭಾವನವರಿಗೂ ಉದಗೀರದ ಅಳಿಯಂದಿರಿಗೂ ಫೋನು ಹೋಯಿತು. ಭಾವನವರು ನನ್ನ ಗಂಡನ ಅಣ್ಣ, ನಿಲಂಗಾ ಕೋರ್ಟಿನಲ್ಲಿ ವಕೀಲರು. ಅಳಿಯಂದಿರು ಅಂದರೆ ನನ್ನ ನಾದಿನಿಯ ಗಂಡ, ಉದಗೀರದ ಮೊಂಢಾ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ. ಗಂಡಸರು ಇಷ್ಟು ಬೇಗ ಹೂಂ ಅಂದಾಗಲೇ ನನಗೆ ಸಂಶಯ ಬರಬೇಕಿತ್ತು.

ಉಮರ್ಗಾದಲ್ಲಿ ಕೂತು ಮಾತಾಡಿದಾಗ ಗುಡ್ಡಕ್ಕೆ ಎರಡು ದಿನ ಇತ್ತು. ಒಂದು ದಿನ ಹತ್ತುವುದು, ಒಂದು ದಿನ ಕಾಲು ಚಾಚಿ ಮಲಗುವುದು. ಬರುವ ದಾರಿಯಲ್ಲಿ "ದ್ರಾಕ್ಷಿ ತೋಟ" ನೋಡುವುದು ಎಂದು ನನ್ನ ಗಂಡ ಸೇರಿಸಿದರು. ನೋಡಲಿ ಬಿಡಿ, ಗೊಬ್ಬರದ ಅಂಗಡಿ ಇಟ್ಟವರು, ತೋಟ ನೋಡುವ ಚಟ ಇರುತ್ತದೆ ಅಂದುಕೊಂಡೆ. ನಿಲಂಗಾದಲ್ಲಿ ಮತ್ತೊಮ್ಮೆ ಕೂತಾಗ ದ್ರಾಕ್ಷಿ ತೋಟ ಮುಂದೆ ಬಂತು, ಗುಡ್ಡ ಹಿಂದೆ ಸರಿಯಿತು. ಭಾವನವರು ಮೊಬೈಲಿನಲ್ಲಿ ತೋಟ ತೋರಿಸಿದರು. ತೋಟ ಒಂದು ಮೂಲೆಯಲ್ಲಿ, ಉಳಿದ ಫೋಟೋ ತುಂಬ ಉದ್ದ ಕಾಲಿನ ಗಾಜಿನ ಗ್ಲಾಸು.

"ಇದು ವೈನ್ ಮಾಡೂ ಜಾಗ ಅಲ್ಲೇನ್ರಿ?" ಎಂದೆ.

"ನೋಡವ್ವಾ, ಸಾರಾಯಿ ಬ್ಯಾರೆ, ವೈನ್ ಬ್ಯಾರೆ," ಎಂದು ಭಾವನವರು ಸಾಕ್ಷಿಗೆ ತಿಳಿಹೇಳುವ ದನಿ ತೆಗೆದರು. "ಇದು ಹಣ್ಣಿನ ರಸ. ಹಣ್ಣು ತಿಂದರ ಯಾವ ಧರ್ಮದಾಗ ತಪ್ಪದ?"

ಅವರ ಹಣೆ ತುಂಬ ವಿಭೂತಿ. ಪ್ರತಿ ಶ್ರಾವಣದಲ್ಲಿ ಊರ ಮಂದಿಯನ್ನು ಕೂಡಿಸಿ ವ್ಯಸನ ಬಿಡಿರಿ ಎಂದು ಭಾಷಣ ಮಾಡುವ ಬಾಯಿ ಅದು. ಮಾಡುವುದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಕುಡಿಯುವವರು ನಮ್ಮ ಓಣಿಯಲ್ಲೂ ಇದ್ದಾರೆ, ಕುಡಿದು ಗಟಾರದಲ್ಲಿ ಬೀಳುತ್ತಾರೆ. ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಹೇಸಿಗೆ ಬರುವುದಿಲ್ಲ. ಹೇಸಿಗೆ ಬಂದದ್ದು ಅವತ್ತು, ಆ ಹಣ್ಣಿನ ರಸದ ಮಾತಿಗೆ.

ಅದಕ್ಕಿಂತ ದೊಡ್ಡದು ಉದಗೀರದಲ್ಲಿ ಕಾದಿತ್ತು. ಅಳಿಯಂದಿರ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಕೂತಾಗ ಅವರು ಮೆಲ್ಲಗೆ ವಿಷಯ ತೆಗೆದರು. ಮೂವರ ಕೊರಳಲ್ಲೂ ಇಷ್ಟಲಿಂಗ ಇದೆ. ದೀಕ್ಷೆಯ ದಿನ ಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಶಿವದಾರದಲ್ಲಿ ಕಟ್ಟಿಕೊಂಡರೆ ಸತ್ತ ಮೇಲೆ ಅದು ಮೈಯ ಜೊತೆಗೇ ಮಣ್ಣಿಗಿಳಿಯಬೇಕು ಎನ್ನುವ ಮಂದಿ ನಾವು. ಅದನ್ನು ಎದೆಯ ಮೇಲಿಟ್ಟುಕೊಂಡು ಕುಡಿಯುವುದು ಹೇಗೆ ಎಂಬುದು ಅವರ ಚಿಂತೆ.

"ಖೋಲಿಯಾಗ ಇಟ್ಟು ಹೋಗೂದು ಬರೋಬರಿ ಅಲ್ಲ. ಲಿಂಗಕ್ಕ ಮೈ ಬೇಕು," ಎಂದರು ಅಳಿಯಂದಿರು. "ಹೆಂಗಸರು ಹೆಂಗೂ ಕುಡಿಯೂದಿಲ್ಲ. ಅವರ ಕೊರಳಾಗ ಹಾಕಿದರ ದೋಷ ಇಲ್ಲ. ಮರುದಿನ ಮುಂಜಾನಿ ಜಳಕಾ ಮಾಡಿ ತಿರುಗಿ ಹಾಕ್ಕೊಳ್ಳೂದು."

ನಗೆಚಾಟಿಕೆ ಎಂದುಕೊಂಡು ಗಂಡನ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ದೊಡ್ಡ ತೊಡಕು ಬಿಡಿಸಿದವರ ಸಮಾಧಾನ ಅವರ ಮುಖದಲ್ಲಿತ್ತು.

ಈ ನನ್ನ ಗಂಡ ಲಿಂಗಪೂಜೆ ಆಗದೆ ಚಹಾ ಮುಟ್ಟುವವರಲ್ಲ. ಅವರು ಮುಟ್ಟದೆ ನಾನೂ ಮುಟ್ಟಬಾರದು, ಅದು ನಮ್ಮ ಮನೆಯ ನೇಮ. ಹೊಸದಾಗಿ ಮದುವೆಯಾಗಿ ಬಂದಾಗ, ಒಂದು ದಿನ ಜ್ವರದಲ್ಲಿ ನಡುಗುತ್ತ ಒಂದು ಗುಟುಕು ಕುಡಿದುಬಿಟ್ಟಿದ್ದೆ. "ನಮ್ಮ ಮನಿಯಾಗ ಹಿಂಗ ನಡೆಯೂದಿಲ್ಲ," ಎಂದು ಕಪ್ಪು-ಬಸಿ ಸಮೇತ ಕಸಿದುಕೊಂಡು ಬಚ್ಚಲಿಗೆ ಸುರಿದರು. ಆಮೇಲೆ ನಾನು ಹಾಗೆ ಮಾಡಲಿಲ್ಲ. ಬಸುರಿಯಾಗಿ ಹೊಟ್ಟೆ ತೊಳೆಸುವಾಗಲೂ ಅವರ ಪೂಜೆ ಮುಗಿಯುವ ತನಕ ಒಲೆಯ ಮುಂದೆ ಕೂತಿದ್ದೇನೆ.

ಇಂಥವರು ಈಗ ನನ್ನ ಕೊರಳನ್ನು ಗೂಟ ಮಾಡಲು ಹೊರಟಿದ್ದರು. ಥೂ ಅನ್ನಿಸಿತು. ಎದ್ದು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಭಾವನವರು, "ಗುಡ್ಡದ್ದು ಏನದ, ಕೆಳಗಿಂದೇ ಕೈ ಮುಗದರ ಆಯ್ತು. ವ್ಯಾಳ್ಯಾ ಸಿಕ್ಕರ ಬಘೂ," ಎಂದರು. ನೋಡೋಣ ಎನ್ನುವುದನ್ನು ಮರಾಠಿಯಲ್ಲಿ ಹೇಳಿದರೆ ನಮ್ಮಲ್ಲಿ ಅದು ಆಗುವುದಿಲ್ಲ ಎಂದೇ ಲೆಕ್ಕ.

ನಾನು ಕೂತೆ. "ಮೂವರದೂ ನಾ ಹಾಕ್ಕೋತೀನಿ," ಎಂದೆ. "ಆದರ ಮರುದಿನ ಗುಡ್ಡದ ಬುಡದಾಗ ಬೆಳಗಾಗಬೇಕು. ಮುಂಜಾನಿ ನಂದು."

ಮೂವರೂ ಒಮ್ಮೆಲೇ ಒಪ್ಪಿದರು. ನಾದಿನಿ ಮಕ್ಕಳ ಪರೀಕ್ಷೆ ಎಂದು ಬರುವವಳಿರಲಿಲ್ಲ. ಭಾವನವರ ಹೆಂಡತಿ, ನನ್ನ ನೆಗೆಣ್ಣಿ, ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಛಲೋ ಮಾಡಿದಿ ತಂಗಿ. ನಮ್ಮವರದು ಹಾಕ್ಕೊಳ್ಳಾಕ ನನಗ ಧೈರ್ಯ ಆಗೂದಿಲ್ಲ," ಎಂದಳು.

ನಾಸಿಕದ ಆ ಜಾಗದಲ್ಲಿ ಹಿಂಡಿದ ಸಿಪ್ಪೆಯ ಹುಳಿ ನಾತ, ನೊಣ. ಗಾಡಿಯಲ್ಲೇ ಮೂವರೂ ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ತೆಗೆದು ಕೊಟ್ಟರು, ಜಳಕಕ್ಕೆ ಹೋಗುವವರು ಗಡಿಯಾರ ಬಿಚ್ಚಿಕೊಡುವ ಹಾಗೆ. ಕಣ್ಣಿಗೊತ್ತಿಕೊಂಡವರು ಒಬ್ಬರೂ ಇಲ್ಲ. ಹಣೆಯ ವಿಭೂತಿ ಮಾತ್ರ ಹಾಗೆಯೇ ಇತ್ತು, ಅದನ್ನು ಒರೆಸಿಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗ್ಲಾಸಿನೊಳಗೆ ಮೂಗು ತೂರಿಸಿ ಮೂಸಿದರು, ಬಾಯಿ ಮುಕ್ಕಳಿಸಿದರು, ತಿಳಿದವರ ಹಾಗೆ ತಲೆಯಾಡಿಸಿದರು. ನಾನು ಮತ್ತು ನೆಗೆಣ್ಣಿ ಹೊರಗೆ ಕಟ್ಟೆಯ ಮೇಲೆ ಕೂತೆವು. ನನ್ನದೂ ಸೇರಿ ನಾಲ್ಕು ಕರಡಿಗೆ ಎದೆಯ ಮೇಲೆ ಒಂದಕ್ಕೊಂದು ತಾಕುತ್ತಿದ್ದವು.

ಮಾತಿನಂತೆ ಗುಡ್ಡದ ಬುಡದ ಹಳ್ಳಿಯಲ್ಲಿ ಉಳಿದೆವು. ನಸುಕಿಗೆ ಎದ್ದು ಸ್ನಾನ ಮಾಡಿದೆ. ಗಂಡಸರ ಖೋಲಿಯಿಂದ ಗೊರಕೆ ಬರುತ್ತಿತ್ತು. ಎಬ್ಬಿಸಲಿಲ್ಲ. ನೆಗೆಣ್ಣಿಗೆ ಹೇಳಿ ಹೊರಟೆ. ದಾರಿಯ ಚಹಾ ಟಪರಿಯವನು, "ಚಹಾ ಘ್ಯಾ, ಮಾವಶಿ," ಎಂದು ಕಪ್ಪು ಮುಂದೆ ಹಿಡಿದ. ಬೇಡ ಎಂದು ಕೈಯಾಡಿಸಿ ಮುಂದೆ ನಡೆದೆ. ಮೇಲೆ ಮಜ್ಜಿಗೆ ಮಾರಲು ಹೊರಟ ಹೆಂಗಸರ ಹಿಂದೆ ಹತ್ತಿದೆ. ಏಣಿ ಬಂದಲ್ಲಿ ಮೊಣಕಾಲು ಕಿರುಗುಟ್ಟಿತು, ಕೂತೆ, ಮತ್ತೆ ಹತ್ತಿದೆ. ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು, ಗಾಳಿ ಮಾತ್ರ ತಂಪು. ತುದಿ ಮುಟ್ಟಿದಾಗ ಅಳು ಬಂತು. ಗುಡಿಯ ನೆರಳಲ್ಲಿ ಕೂತು ನನ್ನ ಲಿಂಗ ತೆಗೆದು ಪೂಜೆ ಮಾಡಿಕೊಂಡೆ.

ಆಗ ಗಂಡನ ಫೋನು ಬಂತು.

"ಎಲ್ಲಿದ್ದಿ?"

"ಗುಡ್ಡದ ಮ್ಯಾಲ."

"ಮತ್ತ ಲಿಂಗ?"

"ಅವೂ ಗುಡ್ಡದ ಮ್ಯಾಲ."

"ಜಳಕಾ ಆಗ್ಯದ, ಪೂಜಿಗಿ ಕುಂತೀವಿ. ಚಾ ಬಂದದ, ಆರ್ಲಾಕತ್ತದ."

"ಇಳಿಯಾಕ ಮಧ್ಯಾಹ್ನ ಆಗ್ತದ ರೀ."

ಸುಳ್ಳು ಯಾಕೆ ಹೇಳಲಿ, ನನಗೆ ಬಲು ಖುಷಿಯಾಯಿತು. ಕೂರಲಿ, ನಾನು ಚಹಾ ಮುಟ್ಟದೆ ಕೂತ ಹಾಗೆ ಒಂದು ದಿನ ಕೂರಲಿ ಅಂದುಕೊಂಡೆ. ಅಷ್ಟರಲ್ಲಿ ಭಾವನವರ ದನಿ ಕೇಳಿತು: "ಕುಡಿಯೋ ತಮ್ಮಾ, ಪ್ರವಾಸದಾಗ ಎಲ್ಲಾ ನಡೀತದ." ಆಮೇಲೆ ಬಸಿಯ ಸಪ್ಪಳ. ಆಮೇಲೆ ಸೊರ್ರೆಂದು ಚಹಾ ಹೀರಿದ್ದು. ಇಷ್ಟು ವರ್ಷ ನಾನು ಕಾದು ಕೂತು ಕೇಳಿದ್ದ ಅದೇ ಸದ್ದು.

"ಸಾವಕಾಶ ಬಾ, ಅವಸರ ಇಲ್ಲ," ಎಂದು ಫೋನು ಇಟ್ಟರು.

ಕೆಳಗೆ ಟಪರಿಯಲ್ಲಿ ಚಹಾ ಯಾಕೆ ಬೇಡ ಅಂದೆ ಎಂಬುದು ಆಗ ನೆನಪಾಯಿತು. ಅವರ ಪೂಜೆ ಇನ್ನೂ ಆಗಿರಲಿಲ್ಲ.