ಭುಜಕ್ಕೆ ಒದೆಯದ ತೋಟಾ

ಭಾರದ ತೋಟಾ ಹಾರಿಸುವ ಹಳೆಯ ರೈಫಲನ್ನು ಬಂದೂಕಿನ ಅಂಗಡಿಗೆ ಕೊಟ್ಟು, ಚೌಕಾಶಿ ಮಾಡಿ, ಮೇಲೆ ಮೂವತ್ತು ಸಾವಿರ ರೂಪಾಯಿಯನ್ನಷ್ಟೇ ಹಾಕಿ ಸಣ್ಣ ತೋಟಾದ ಪಾಯಿಂಟ್ ಟೂಟೂ ರೈಫಲ್ ತಂದೆ. ಇಲ್ಲದಿದ್ದರೆ ನನ್ನ ಹೆಂಡತಿ ಗುರಿ ಹೊಡೆಯುವುದನ್ನೇ ಬಿಡುತ್ತಿದ್ದಳು.

ಹಳೆಯದು ಅವಳ ಅಜ್ಜ ಜಿಂಕೆ ಬೇಟೆಗೆ ಇಟ್ಟುಕೊಂಡಿದ್ದ ರೈಫಲ್. ಈಗ ಬೇಟೆಗೆ ಕಾನೂನಿನ ಅನುಮತಿಯಿಲ್ಲ. ಧಾರವಾಡದ ರೈಫಲ್ ಕ್ಲಬ್ಬಿನಲ್ಲಿ ರಟ್ಟಿನ ಜಿಂಕೆಗೆ ಹೊಡೆಯುತ್ತೇವೆ. ಶೇಂಗಾಕಾಯಿಯನ್ನು ಅಂಗೈಯಲ್ಲಿ ತೂಗಿಯೇ ದರ ಹೇಳುವ ವ್ಯಾಪಾರಿ ನಾನು. ತೋಟಾವನ್ನೂ ಹಾಗೆಯೇ ತೂಗಿ, ಭಾರದ್ದೇ ಮೇಲೆಂದು ವಾದಿಸುತ್ತಿದ್ದೆ. ಆದರೆ ಪ್ರತಿ ಗುಂಡಿಗೂ ರೈಫಲ್ ಅವಳ ಭುಜಕ್ಕೆ ಒದೆಯುತ್ತಿತ್ತು. ಆ ಹೆದರಿಕೆಗೆ ಅವಳು ಗುಂಡು ಹಾರುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು. ಜಿಂಕೆಗೆ ಒಂದು ಗಾಯವೂ ಇಲ್ಲ.

“ಇದೇನು ಶೇಂಗಾ ಅಲ್ರಿ, ದಪ್ಪ ಇದ್ರ ಛಲೋ ಅನ್ನಾಕ. ಒದಿ ತಿನ್ನಾಕಿ ನಾ! ನಾಳಿಂದ ನಾ ಬರೂದಿಲ್ಲ,” ಎಂದಳು.

ಹೊಸ ರೈಫಲಿನ ಸಣ್ಣ ತೋಟಾ ಒದೆಯಲೇ ಇಲ್ಲ. ಮೊದಲ ದಿನವೇ ಜಿಂಕೆಯ ಎದೆಯಲ್ಲಿ ಅಚ್ಚುಕಟ್ಟಾದ ತೂತು!

“ಈಗ ನೀವು ಹೊಡೀರಿ, ನೋಡೂಣು,” ಎಂದು ಕೆಣಕಿದಳು. ನನ್ನ ಗುಂಡು ಕೋಡಿನ ಮೇಲಿಂದ ಹಾರಿತು. ಕ್ಲಬ್ಬಿನವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ನೀವೂ ಕೊಳ್ಳುವುದಿದ್ದರೆ ಅಂಗಡಿಯವನ ಮಾತು ಕೇಳಿ ಮೊದಲೇ ದುಡ್ಡು ಕೊಡಬೇಡಿ. ಹೊಡೆಯುವವರಿಗೆ ಕ್ಲಬ್ಬಿನ ರೈಫಲಿನಲ್ಲಿ ನಾಲ್ಕಾರು ಗುಂಡು ಹಾರಿಸಲು ಕೊಡಿ. ಅವರಾಗಿಯೇ ಇನ್ನೊಂದು ಗುಂಡು ಕೇಳಿದರೆ ಆಮೇಲೆ ದರದ ಮಾತಿಗೆ ಇಳಿಯಿರಿ.